ಫರೀದಾಬಾದಿನಲ್ಲಿ ‘ಶಿಕಾರಿ’

ಫರೀದಾಬಾದಿನ ಮಗನ ಮನೆಗೆ ಹೊರಡುವಾಗ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ಪೆಟ್ಟಿಗೆಗೆ ಹಾಕಿಕೊಂಡಿದ್ದೆ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಚಿತ್ತಾಲರು ಮುಂಬಯಿಯ ಬೇಕಲೈಟ್ ಹೈಲಾಂ ಕಂಪನಿಯಲ್ಲಿ ದುಡಿದರು, 2014ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಬರೆದದ್ದು ಮಾತ್ರ ಕನ್ನಡದಲ್ಲಿ.

ಕಾದಂಬರಿಯ ನಾಗಪ್ಪನನ್ನು ಕಂಪನಿ ಸಸ್ಪೆಂಡ್ ಮಾಡುತ್ತದೆ. ಅಲ್ಲಿಂದ ಮುಂದೆ ಬೇಟೆಗಾರ ಯಾರು, ಬೇಟೆ ಯಾರು ಎಂಬುದೇ ಕಲಸಿಹೋಗುತ್ತದೆ. ಇದನ್ನು ಮಹಾನಗರದ ಒಂಟಿತನದ ಕಥೆ ಅಂತಾರೆ. ನನಗೆ ಅಷ್ಟೇ ಅನ್ನಿಸಲಿಲ್ಲ. ನಾಗಪ್ಪನನ್ನು ಕಾಡುವವರಲ್ಲಿ ಅವನ ಊರಿನ ಹಿಂದುಮುಂದು ಬಲ್ಲವರೂ ಇದ್ದಾರೆ. ಊರು ಬಿಟ್ಟವನನ್ನು ಊರು ಬಿಡುವುದಿಲ್ಲ ಎಂಬುದೇ ಇಲ್ಲಿನ ಭಯ.

ಎಲ್ಲರನ್ನೂ ನಾಗಪ್ಪನ ಸಂಶಯದ ಕಣ್ಣಿಂದಲೇ ನೋಡಬೇಕಾಗುತ್ತದಲ್ಲ, ಎದುರು ಪಕ್ಷಕ್ಕೆ ನ್ಯಾಯ ಎಲ್ಲಿ? ಮೊದಲ ಓದಿಗೆ ಇದು ಕೊರತೆಯಾಗಿ ಕಂಡಿತ್ತು. ಆಗ ನಾನೂ ಬ್ಯಾಂಕಿನಲ್ಲಿ ಎದುರು ಪಕ್ಷದಲ್ಲೇ ಇದ್ದೆ, ಇಲಾಖಾ ವಿಚಾರಣೆಯ ಅಧಿಕಾರಿಯಾಗಿ. ಉತ್ತರದ ಶಾಖೆಯೊಂದರಲ್ಲಿ ಸಸ್ಪೆಂಡಾಗಿದ್ದ ನಮ್ಮ ಕಡೆಯ ಹುಡುಗನೊಬ್ಬ ಕನ್ನಡದಲ್ಲಿ, “ಸಾರ್, ನೀವಾದ್ರೂ ಪೂರ್ತಿ ಕೇಳಿ” ಅಂದ. ನಿಯಮದ ಪ್ರಕಾರ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ.

ಈಗ ಓದಿದಾಗ ಅದು ಕೊರತೆ ಅನ್ನಿಸಲಿಲ್ಲ. ಎದುರು ಪಕ್ಷಕ್ಕೆ ಫೈಲು ಇರುತ್ತದೆ. ನಾಗಪ್ಪನಿಗೆ ಇರುವುದು ಈ ಕಾದಂಬರಿ ಒಂದೇ.