ಗೇನ್ ಮುಟ್ಟುವ ಮೊದಲು ಗೋಡೆ ನೋಡಿ

ಎರಡು ಸಬ್‌ವೂಫರ್‌ಗಳ ಲೆವೆಲ್ ಹೊಂದಿಸುವುದು ಹೇಗೆಂದು ಈ ವಾರ ಬರೆಯುತ್ತೇನೆ ಎಂದಿದ್ದೆ. ಅದಕ್ಕೆ ಹೆಚ್ಚು ಜಾಗ ಬೇಕಿಲ್ಲ. ಎರಡನ್ನೂ ಬೇರೆಬೇರೆಯಾಗಿ 75 ಡೆಸಿಬಲ್‌ಗೆ ತಂದು ಬಿಟ್ಟರೆ, ಒಟ್ಟಿಗೆ ನುಡಿಸಿದಾಗ ಸಾಮಾನ್ಯವಾಗಿ 3ರಿಂದ 6 ಡೆಸಿಬಲ್ ಏರುತ್ತದೆ. ಏರುವ ಬದಲು ಇಳಿದರೆ ಮೊದಲು ಒಂದರ ಫೇಸ್ ತಿರುಗಿಸಿ ನೋಡಿ. ಎರಡರ ಗೇನನ್ನೂ ಸಮ ಮಾಡಿ, ಜೋಡಿಯಾಗಿ ನುಡಿಸಿ, ರಿಸೀವರಿನ ಸಬ್ ಟ್ರಿಮ್‌ನಿಂದ ಮತ್ತೆ 75ಕ್ಕೆ ತನ್ನಿ. ಸಿನಿಮಾದ ಮಂದ್ರಕ್ಕೆಂದೇ ಇರುವ ಎಲ್‌ಎಫ್‌ಇ ಚಾನೆಲ್‌ಗೆ ಸಲ್ಲಬೇಕಾದ ಹೆಚ್ಚುವರಿ 10 ಡೆಸಿಬಲ್‌ಅನ್ನು ರಿಸೀವರ್ ತಾನೇ ಸೇರಿಸಿಕೊಳ್ಳುತ್ತದೆ, ನೀವು ಇನ್ನೊಮ್ಮೆ ಸೇರಿಸಬೇಡಿ. ಮೀಟರ್ ‘ಸಿ’ ಮತ್ತು ‘ಸ್ಲೋ’ದಲ್ಲಿರಲಿ. ‘ಎ’ಯಲ್ಲಿಟ್ಟರೆ 50 ಹರ್ಟ್ಜ್‌ನಲ್ಲಿ ಸುಮಾರು 30 ಡೆಸಿಬಲ್ ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಸಬ್ ಏರಿಸಿದ ಮನೆಗಳಲ್ಲಿ ಶೋಕೇಸಿನ ಗಾಜು ಗಡಗಡ ಅನ್ನುವುದನ್ನು ಕೇಳಿದ್ದೇನೆ.

ಇಷ್ಟು ಬರೆದಾದ ಮೇಲೆ ಹೇಳಲೇಬೇಕಾದ ಮಾತೊಂದು ಉಳಿಯುತ್ತದೆ. 75 ಬಂದ ಕೂಡಲೇ ಕೆಲಸ ಮುಗಿಯಿತು ಎನ್ನುವವರೊಂದಿಗೆ ನನ್ನ ಜಗಳ ಹಳೆಯದು. ಆ 75 ಎಲ್ಲ ಸ್ವರಗಳ ಒಟ್ಟು ಲೆಕ್ಕ. ಒಂದು ಸ್ವರ ಕೋಣೆ ತುಂಬ ಉಬ್ಬಿ, ಅದರ ಪಕ್ಕದ್ದು ಮಾಯವಾಗಿದ್ದರೂ ಮೀಟರ್ ಅದೇ 75 ತೋರಿಸುತ್ತದೆ.

ನಮ್ಮಲ್ಲಿ ಇದು ಇನ್ನೂ ಹೆಚ್ಚು, ಕಾರಣ ನಮ್ಮ ಗೋಡೆಗಳು. ಸಬ್ ಹೊಂದಿಸುವ ಬಗ್ಗೆ ನಾವು ಓದುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿನ ಮನೆಯ ಒಳಗೋಡೆಯೆಂದರೆ ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಹೊಡೆದ ಅರ್ಧ ಇಂಚಿನ ಜಿಪ್ಸಂ ಬೋರ್ಡ್. ಮಂದ್ರದ ಒತ್ತಡಕ್ಕೆ ಆ ಬೋರ್ಡ್ ತಾನೇ ಅಲುಗುತ್ತದೆ, ಅಷ್ಟು ಸದ್ದನ್ನು ತಿನ್ನುತ್ತದೆ, ಒಂದಷ್ಟನ್ನು ಹೊರಗೂ ಬಿಡುತ್ತದೆ. ಬೆಂಗಳೂರಿನ ಹಾಲ್ ಹಾಗಲ್ಲ. ಸುತ್ತ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕು, ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸು. ಒಳಗೆ ಬಿಟ್ಟ 50 ಹರ್ಟ್ಜ್‌ಗೆ ಹೋಗಲು ದಾರಿಯಿಲ್ಲ; ಗೋಡೆಯಿಂದ ಗೋಡೆಗೆ ಹೊಡೆದುಕೊಂಡು ಬಲಿಯುತ್ತದೆ, ಬೇಗ ಅಡಗುವುದೂ ಇಲ್ಲ. ಅದೇ ಸಬ್ಬನ್ನು ಮಲೆನಾಡಿನ ಹೆಂಚಿನ ಮನೆಗೆ, ಮರದ ಅಟ್ಟದ ಕೆಳಗೆ ಒಯ್ದರೆ ಸೊರಗಿದಂತೆ ಕೇಳುತ್ತದೆ. ಅಲ್ಲಿ ಗೇನ್ ಏರಿಸುವುದು ನ್ಯಾಯ. ಇಲ್ಲಿ ಅದೇ ಸಲಹೆ ಅಪಾಯ.

ನಿಮ್ಮ ಕೋಣೆ ಯಾವ ಸ್ವರವನ್ನು ಉಬ್ಬಿಸುತ್ತದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. 565ನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಜ್, 10 ಅಡಿಗೆ 56. ಅಗಲ 10 ಅಡಿ, ಎತ್ತರವೂ 10 ಅಡಿ ಇದ್ದರೆ 56ರ ಮೇಲೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಜಾಗ ಉಳಿಯಲೆಂದು ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಇಡುವುದು ನಮ್ಮ ರೂಢಿ. ಈ ಉಬ್ಬರ ಅತಿ ಹೆಚ್ಚಾಗಿರುವುದು ಅಲ್ಲೇ. ಸೋಫಾವನ್ನು ಒಂದೂವರೆ ಅಡಿ ಮುಂದೆ ಎಳೆಯಿರಿ. ಹಾಗೆಂದು ಸರಿಯಾಗಿ ನಡುಮಧ್ಯಕ್ಕೆ ತರಬೇಡಿ, ಆ 47 ಹರ್ಟ್ಜ್ ಅಲ್ಲಿ ಬಹುತೇಕ ಇಲ್ಲವಾಗುತ್ತದೆ.

ರಿಸೀವರ್ ಜೊತೆ ಬಂದ ಪುಟ್ಟ ಮೈಕ್ ಇಟ್ಟರೆ ಎಲ್ಲವೂ ತಾನೇ ಸರಿಹೋಗುತ್ತದೆ ಎನ್ನುವ ಪಂಥಕ್ಕೆ ನಾನು ಹೇಳುವುದು ಇಲ್ಲಿಯೇ. ಆ ಲೆಕ್ಕಾಚಾರ ಉಬ್ಬಿದ್ದನ್ನು ತಗ್ಗಿಸುತ್ತದೆ, ಚೆನ್ನಾಗಿಯೇ ತಗ್ಗಿಸುತ್ತದೆ. ಆದರೆ ನೀವು ಕೂತಲ್ಲಿ ಒಂದು ಸ್ವರ ಪ್ರತಿಫಲನದಿಂದ ಅಳಿಸಿಹೋಗಿದ್ದರೆ ಎಷ್ಟೇ ಬಲ ಕೊಟ್ಟರೂ ಅದು ತುಂಬುವುದಿಲ್ಲ. ನೇರ ಸದ್ದನ್ನು ಏರಿಸಿದಷ್ಟೂ ಅದನ್ನು ಅಳಿಸುವ ಸದ್ದೂ ಏರುತ್ತದೆ. 6 ಡೆಸಿಬಲ್‌ಗೆ ಆಂಪ್ಲಿಫೈಯರಿನಿಂದ ನಾಲ್ಕು ಪಟ್ಟು ವಿದ್ಯುತ್ ಹೋಗಿರುತ್ತದೆ, ಕಿವಿಗೆ ಬಂದದ್ದು ಏನೂ ಇಲ್ಲ. ಫ್ಲಾಯ್ಡ್ ಟೂಲ್ 2008ರ ‘ಸೌಂಡ್ ರೀಪ್ರೊಡಕ್ಷನ್’ ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದು ಇದರ ಬುಡವನ್ನೇ: ಕೆಲವು ನೂರು ಹರ್ಟ್ಜ್‌ಗಿಂತ ಮೇಲೆ ನೀವು ಕೇಳುವುದು ಹೆಚ್ಚಾಗಿ ಸ್ಪೀಕರನ್ನು, ಕೆಳಗೆ ಕೇಳುವುದು ಕೋಣೆಯನ್ನು. ಟೂಲ್ ಕೆಲಸ ಮಾಡಿದ ಹರ್ಮನ್ ಕಂಪನಿಯ ಬಳಗದವರೇ ಆದ ಟಾಡ್ ವೆಲ್ಟಿ 2002ರಲ್ಲಿ ಸಬ್ ಎಷ್ಟಿರಬೇಕು, ಎಲ್ಲಿರಬೇಕು ಎಂದು ಲೆಕ್ಕ ಹಾಕಿದ್ದರು. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟರೆ ಒಳ್ಳೆಯ ಫಲ, ನಾಲ್ಕನ್ನು ಮೀರಿದರೆ ದೊಡ್ಡ ಲಾಭವಿಲ್ಲ. ದುಡ್ಡು ಇದ್ದರೆ ಒಂದು ದೊಡ್ಡ ಸಬ್ಬಿಗಿಂತ ಎರಡು ಚಿಕ್ಕವು ಮೇಲು ಎಂದು ನಾನು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ಒಂದೇ ಇದ್ದರೆ ಅದನ್ನೆತ್ತಿ ಸೋಫಾದ ಮೇಲೆ, ನೀವು ಕೂರುವಲ್ಲೇ ಇಡಿ. ಮೆಟ್ಟಿಲು ಹತ್ತಿದಂತೆ ಒಂದೊಂದೇ ಸ್ವರ ಸಾಗುವ ಬಾಸ್ ಗಿಟಾರಿನ ತುಣುಕೊಂದನ್ನು ಹಾಕಿ. ‘ಕಾಂತಾರ’ದ ಕ್ಲೈಮ್ಯಾಕ್ಸ್ ಬೇಡ. ಆ ಅಬ್ಬರ ನನಗೂ ಪ್ರಿಯ, ಆದರೆ ಅದರಲ್ಲಿ ಉಬ್ಬಿದ ಸ್ವರ ಯಾವುದೆಂದು ಹಿಡಿಯಲಾಗದು. ಈಗ ಅಂಬೆಗಾಲಿಟ್ಟು ಗೋಡೆಯ ಪಕ್ಕದಲ್ಲೇ ಸಾಗಿ, ಕಿವಿ ಸಬ್ ಇಡುವ ಎತ್ತರದಲ್ಲಿರಲಿ. ಮೂಲೆಯಲ್ಲಿ ಒಂದು ಸ್ವರ ‘ಗುಂ’ ಎಂದು ಉಳಿದವನ್ನು ನುಂಗುತ್ತದೆ. ಮೂಲೆ ಬಿಟ್ಟು ಎರಡು ಮೂರು ಅಡಿ ಬರುವಾಗ, ಟಿವಿ ಸ್ಟ್ಯಾಂಡಿನ ಪಕ್ಕವೋ ಚಪ್ಪಲಿ ಗೂಡಿನ ಬಳಿಯೋ, ಸ್ವರಗಳು ಬಿಡಿಬಿಡಿಯಾಗಿ, ಒಂದೇ ತೂಕದಲ್ಲಿ ಕೇಳತೊಡಗುತ್ತವೆ. ಸಬ್ ಇಡಬೇಕಾದದ್ದು ಅಲ್ಲೇ. ಸದ್ದು ಹೊರಡುವ ಜಾಗ, ಕೇಳುವ ಜಾಗ ಅದಲುಬದಲಾದರೂ ಕೋಣೆಯ ವರ್ತನೆ ಬದಲಾಗುವುದಿಲ್ಲ. ಚಪ್ಪಲಿ ಗೂಡನ್ನು ಬೇರೆಡೆಗೆ ಸರಿಸಲು ಮನೆಯವರನ್ನು ಒಪ್ಪಿಸಿ.

ಇದಾದ ಮೇಲೆ ಮೈಕ್ ಇಡಿ, ಕ್ರಾಸ್‌ಓವರ್ 80ಕ್ಕೆ ಬಿಡಿ, ಮೀಟರಿನಲ್ಲಿ 75 ನೋಡಿ. ರಾತ್ರಿ ಸಣ್ಣ ವಾಲ್ಯೂಮಿನಲ್ಲಿ ಬಾಸ್ ಸಾಲದೆನಿಸಿದರೆ ಅದು ಕಿವಿಯ ಸ್ವಭಾವ: ಸದ್ದು ಇಳಿದಂತೆ ಮಂದ್ರಕ್ಕೆ ಕಿವಿ ಬೇಗ ಮಂದವಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಆಗ 3 ಡೆಸಿಬಲ್ ಏರಿಸಿಕೊಳ್ಳಿ, ನನ್ನ ತಕರಾರಿಲ್ಲ. ಸೆಂಟರ್ ಸ್ಪೀಕರನ್ನು ಟಿವಿ ಯೂನಿಟ್ಟಿನ ಕಪಾಟಿನೊಳಗೆ ತುರುಕಿ, ಮಾತು ಸ್ಪಷ್ಟವಿಲ್ಲವೆಂದು ಬರೆದವರಿಗೆ ಉತ್ತರ ಮುಂದಿನ ವಾರ.