ಏಳು ಸಾವಿರದ ಇನ್ನೂರರ ಚಪಲ

ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಲು ನಿಂತವರು ಬೆಲೆ ಕೇಳಿದ ಮರುಗಳಿಗೆಗೆ ಅದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಕೇಳುತ್ತಾರೆ. ‘ಫಿಫ್ಟಿಫೋರ್ ಹಂಡ್ರೆಡ್ಡಾ, ಸೆವೆಂಟಿಟೂ ಹಂಡ್ರೆಡ್ಡಾ?’ ‘ಲ್ಯಾಪ್‌ಟಾಪ್ ಬ್ಯಾಕಪ್‌ಗೆ ತಾನೆ ಸರ್? ಯಾವುದಾದ್ರೂ ನಡೆಯುತ್ತೆ’ ಎಂದು ಅಂಗಡಿಯ ಹುಡುಗ ನಿಜ ಹೇಳಿದರೆ ಗಿರಾಕಿಯ ಮುಖ ಸಣ್ಣಗಾಗುತ್ತದೆ. ಹುಡುಗನಿಗೆ ವ್ಯಾಪಾರ ಬರುವುದಿಲ್ಲ ಎಂದೇ ಅವರ ತೀರ್ಮಾನ.

7200ಕ್ಕೆ ಆ ಮರ್ಯಾದೆ ಬಂದದ್ದು ಸುಮ್ಮನೆ ಅಲ್ಲ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ನಿಮಿಷಕ್ಕೆ 1200 ಸುತ್ತು ತಿರುಗುತ್ತಿತ್ತು. 7200ರ ಗಡಿ ಮುಟ್ಟಲು 1992ರ ಸೀಗೇಟ್ ಬ್ಯಾರಕೂಡಾ ಬರಬೇಕಾಯಿತು. ಲ್ಯಾಪ್‌ಟಾಪಿನ ಒಳಗೇ ಡಿಸ್ಕ್ ತಿರುಗುತ್ತಿದ್ದ ಕಾಲದಲ್ಲಿ ಆ ವ್ಯತ್ಯಾಸ ಕೈಗೆ ಸಿಗುತ್ತಿತ್ತು. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. 5400ರಲ್ಲಿ ಅದು ಸುಮಾರು 5.6 ಮಿಲಿಸೆಕೆಂಡು, 7200ರಲ್ಲಿ 4.2. ವಿಂಡೋಸ್ ಏಳುವಾಗ ಸಾವಿರಾರು ಸಲ ಕಾದರೆ ಅದು ಲೆಕ್ಕಕ್ಕೆ ಬರುತ್ತದೆ. ರಾತ್ರಿ ಊಟ ಮುಗಿಸಿ ಸಿಕ್ಕಿಸಿ ಮಲಗುವ ಬ್ಯಾಕಪ್ ಡಿಸ್ಕಿಗೆ?

ತಮಾಷೆಯೆಂದರೆ ಈ ಅಂಕಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. 2020ರಲ್ಲಿ ‘5400 ಕ್ಲಾಸ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕೆಲವು ಡಿಸ್ಕುಗಳ ಗುಂಯ್‌ಗುಡುವ ಸದ್ದನ್ನು ಬಳಕೆದಾರರು ಮೈಕ್ ಹಿಡಿದು ಅಳೆದರು. 5400 ಸುತ್ತಿನ ಡಿಸ್ಕಿನ ಸದ್ದು 90 ಹರ್ಟ್ಸ್ ಇರಬೇಕು, ಬಂದದ್ದು 120. ಅಂದರೆ ಅವು ತಿರುಗುತ್ತಿದ್ದುದು 7200ರಲ್ಲಿ! ‘ಕ್ಲಾಸ್’ ಎಂದರೆ ಸುತ್ತಲ್ಲ, ಕೆಲಸದ ಮಟ್ಟ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಇಷ್ಟಾದರೂ ಸುತ್ತು ಎಣಿಸುವ ಪಂಥ ಬಗ್ಗಲಿಲ್ಲ.

ಅಂಕಣಕಾರನ ಹಳೇ ಹಟ ವೈರಿನದು. ಜೇಬಿನಲ್ಲಿ ಹಿಡಿಯುವ ಡಿಸ್ಕಿನ ಹಿಂಬದಿಯನ್ನು ಒಮ್ಮೆ ನೋಡಿ. ಹಲವು ಮಾದರಿಗಳಲ್ಲಿ ಅಲ್ಲಿ ಎರಡು ತುಂಡನ್ನು ಪಕ್ಕಪಕ್ಕ ಅಂಟಿಸಿದಂಥ ಅಗಲ ಬಾಯಿ ಇರುತ್ತದೆ. ಅದರ ದೊಡ್ಡ ಅರ್ಧಕ್ಕೆ ಹಳೇ ಮೊಬೈಲಿನ ಚಾರ್ಜರ್ ವೈರು ಸಲೀಸಾಗಿ ಕೂರುತ್ತದೆ. ಡಿಸ್ಕಿನ ಜತೆ ಬಂದ ವೈರನ್ನು ಮಕ್ಕಳು ಎಲ್ಲೋ ಎಸೆದಿದ್ದಾರೆ, ಅಡುಗೆಮನೆಯ ಡ್ರಾಯರಿನಲ್ಲಿ ಇದು ಸಿಕ್ಕಿದೆ. ಸಿಕ್ಕಿಸಿದರೆ ದೀಪ ಹತ್ತುತ್ತದೆ, ಫೋಲ್ಡರ್ ತೆರೆದುಕೊಳ್ಳುತ್ತದೆ. ಎಲ್ಲ ಸರಿಯಿದೆ, ಡಿಸ್ಕ್ ಮಾತ್ರ 2000ನೇ ಇಸವಿಯ ಯುಎಸ್‌ಬಿ 2.0ಕ್ಕೆ ಹಿಂಬಡ್ತಿ ಪಡೆದಿದೆ. ಸೆಕೆಂಡಿಗೆ 110 ಎಂಬಿ ಬರೆಯಬಲ್ಲ ಡಿಸ್ಕು 35ರಲ್ಲಿ ತೆವಳುತ್ತದೆ. 500 ಜಿಬಿಯ ಮೊದಲ ಬ್ಯಾಕಪ್ ಒಂದೂಕಾಲು ಗಂಟೆಯಲ್ಲಿ ಮುಗಿಯುವ ಬದಲು ನಾಲ್ಕು ಗಂಟೆ ಹಿಡಿಯುತ್ತದೆ. ಬೈಗುಳ ತಿನ್ನುವುದು ಪಾಪದ 5400.

ಮೊದಲ ಸಲ ದಾಟಿದ ಮೇಲೆ ಆ ಗೋಳೂ ಇಲ್ಲ. ದಿನಕ್ಕೆ ಬದಲಾದಷ್ಟೇ ಕಡತಗಳು ಹೋಗುತ್ತವೆ. ಎರಡು ಜಿಬಿಗೆ 110ರ ವೇಗದಲ್ಲಿ ಇಪ್ಪತ್ತು ಸೆಕೆಂಡು ಸಾಕು. ಚಿಲ್ಲರೆ ಕಡತಗಳೇ ಹೆಚ್ಚಿದ್ದರೆ ಒಂದಿಷ್ಟು ಜಾಸ್ತಿ.

ವೇಗದ ಬಗ್ಗೆ ಕೇಳಲೇಬೇಕೆಂದಿದ್ದರೆ ಎಸ್‌ಎಂಆರ್ ಹೌದೋ ಅಲ್ಲವೋ ಎಂದು ಕೇಳಬೇಕು. ಒಂದೇ ತಟ್ಟೆಯಲ್ಲಿ ಹೆಚ್ಚು ತುಂಬಲು ಪಥಗಳನ್ನು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಹೊದಿಸುವ ಉಪಾಯ ಅದು. ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲೆ ಕೂತ ಸಾಲನ್ನೂ ಎತ್ತಬೇಕಲ್ಲ, ಇಲ್ಲೂ ಅದೇ ಕತೆ. ಹೊಸತರಲ್ಲಿ ಚುರುಕಾಗಿರುವ ಡಿಸ್ಕು ತುಂಬುತ್ತ ಬಂದ ಹಾಗೆ, ಅದರಲ್ಲೂ ಹಳೆಯದನ್ನು ಅಳಿಸಿ ಒಂದೇ ಸಮ ಬರೆಯುವಾಗ, ಕುಂಟುತ್ತದೆ. ಡಬ್ಬಿಯ ಮೇಲೆ ಇದನ್ನು ಮುದ್ರಿಸುವವರು ಕಡಿಮೆ. ಎಸ್‌ಎಸ್‌ಡಿ ಕೊಂಡರೆ ಈ ತಾಪತ್ರಯವೇ ಇಲ್ಲ ಎನ್ನುವವರಿಗೆ ದುಡ್ಡಿನ ತಾಪತ್ರಯವೂ ಇಲ್ಲದಿರಬಹುದು.

ಇಷ್ಟಕ್ಕೂ ಬ್ಯಾಕಪ್‌ಗಳ ಚರಿತ್ರೆಯಲ್ಲಿ ಅಂಕಣಕಾರನಿಗೆ ಅತಿ ಪ್ರಿಯವಾದ ಪ್ರಸಂಗದಲ್ಲಿ ವೇಗದ ಸುದ್ದಿಯೇ ಬರುವುದಿಲ್ಲ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ಅಳಿಸುವ ಆದೇಶಕ್ಕೆ ಚಿತ್ರದ ನಾಯಕ ವುಡಿಯ ಟೋಪಿ, ಬೂಟು, ಕೊನೆಗೆ ವುಡಿಯೇ ಕಣ್ಣೆದುರು ಮಾಯವಾಗತೊಡಗಿದ. ಓಡಿಹೋಗಿ ಯಂತ್ರದ ವೈರು ಕೀಳುವಷ್ಟರಲ್ಲಿ ಚಿತ್ರದ ಬಹುಭಾಗ ಹೋಗಿತ್ತು. ಟೇಪಿನಿಂದ ಮರಳಿ ತಂದು ನೋಡಿದರೆ ಬ್ಯಾಕಪ್ಪೂ ಕೆಟ್ಟಿತ್ತು. ಅದು ಕೆಲಸ ಮಾಡುತ್ತಿದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ. ಆಗ ನೆನಪಾದದ್ದು ಚಿತ್ರದ ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್‌ಮನ್ ಅವರ ಮನೆಯ ಕಂಪ್ಯೂಟರು. ಹೆರಿಗೆಯಾದ ಹೊಸತರಲ್ಲಿ ಮನೆಯಿಂದಲೇ ಕೆಲಸ ಮಾಡಲೆಂದು ಆಕೆ ಚಿತ್ರದ ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಯಂತ್ರಕ್ಕೆ ಕಂಬಳಿ ಸುತ್ತಿ, ಬಾಣಂತಿಯನ್ನು ಕರೆತರುವ ಜೋಪಾನದಲ್ಲಿ, ಕಾರಿನಲ್ಲಿ ಸ್ಟುಡಿಯೊಗೆ ಒಯ್ದರು. ಅದರಿಂದ ಚಿತ್ರವನ್ನು ಮತ್ತೆ ಕೂಡಿಸಿದರು.

ಹಾಗೆ ಬದುಕಿ ಬಂದ ಚಿತ್ರ ಪಿಕ್ಸಾರ್ ಯಜಮಾನರಿಗೆ ಆಮೇಲೆ ಹಿಡಿಸಲಿಲ್ಲ. ಬಹುಪಾಲನ್ನು ಬದಿಗೊತ್ತಿ, ಕತೆಯನ್ನು ಮತ್ತೆ ಕಟ್ಟಿಸಿ, 1999ರ ನವೆಂಬರಿನಲ್ಲಿ ತೆರೆಗೆ ತಂದರು.