ಸಿದ್ದಿ ಸ್ತ್ರೀಯರ ಕೌದಿ: ಮೂಲ ಮತ್ತು ಕರ್ತೃತ್ವ

ಆಫ್ರಿಕಾ ಮೂಲದ ಅಮೆರಿಕನ್ನರ ಚಿತ್ರಕಲೆಯ ಇತಿಹಾಸದಲ್ಲಿ ಕುಂಚದ ಕೃತಿಗಳೊಡನೆ ಹೊಲಿದ ಹೊದಿಕೆಗಳಿಗೂ ಸ್ಥಾನವುಂಟು. ಅದಕ್ಕೆ ಸಮೀಪವಾದ ಕಲೆಯನ್ನು ಕನ್ನಡನಾಡಿನಲ್ಲಿ ಅರಸುವವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿ ಸ್ತ್ರೀಯರ ಕೌದಿಗಳನ್ನು ನೋಡಬೇಕು. ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕಾದ ಗುಲಾಮರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನಗಳಿಂದ ಈ ಕೌದಿಗಳು ವಿದ್ವಾಂಸರ ಗಮನಕ್ಕೆ ಬಂದವು. ಇವುಗಳ ಉಜ್ಜ್ವಲ ವರ್ಣಗಳಲ್ಲಿ, ಅಳತೆ ತಪ್ಪಿದಂತೆ ತೋರುವ ತುಂಡುಗಳ ಜೋಡಣೆಯಲ್ಲಿ ಆಫ್ರಿಕಾದ ಸ್ಮೃತಿಯನ್ನು ಕಾಣಲು ಮನಸ್ಸು ಸುಲಭವಾಗಿ ಒಪ್ಪುತ್ತದೆ. ಸುಲಭವಾಗಿ ಒಪ್ಪುವ ಮಾತೇ ಪರೀಕ್ಷೆಗೆ ಅರ್ಹವಾದುದು.

ಸಾಮಗ್ರಿಯಿಂದ ಮೂಲ ಸಿದ್ಧವಾಗದು. ಉತ್ತರ ಕರ್ನಾಟಕದಲ್ಲೆಲ್ಲ ಕೌದಿಯುಂಟು. ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿಯೂ ಹಳೆಯ ಸೀರೆಯ ಮಡಿಕೆಗಳು ಕೂಸಿನ ಹಾಸಿಗೆಯಾಗಿವೆ. ಸಿದ್ದಿ ಕೌದಿಯ ವಿಶೇಷವಿರುವುದು ರಚನಾಕ್ರಮದಲ್ಲಿ. ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚನ್ನು ಸುತ್ತುತ್ತ, ಒಳಗೊಳಗೆ ಸರಿದು ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಸಣ್ಣ ತ್ರಿಕೋನಗಳನ್ನು ಪದರಪದರವಾಗಿ ಇಡುತ್ತಾರೆ. ಅವು ‘ಫುಲಾ’, ಅವಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ. ಹೂವೆಂಬ ಅರ್ಥದ ಈ ಪದವಾದರೋ ಈ ನೆಲದ್ದು, ಕಡಲಾಚೆಯದಲ್ಲ. ಕೆಲವು ಕೌದಿಗಳಲ್ಲಿ ಶಿಲುಬೆಯೂ ಕೆಲವದರಲ್ಲಿ ಬಾಲಚಂದ್ರನೂ ಕಾಣುವುದರಿಂದ ಹೊಲಿದವಳ ಮನೆಯ ಧರ್ಮವೂ ಅಲ್ಲಿ ಸೇರಿದೆಯೆಂದು ತಿಳಿಯುತ್ತದೆ.

ಇಲ್ಲಿ ಹ್ಯಾರಿಯೆಟ್ ಪವರ್ಸಳ (1837–1910) ನಿದರ್ಶನ ಉಪಯುಕ್ತ. ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಈಕೆಯ ಎರಡು ಹೊದಿಕೆಗಳು ಉಳಿದುಬಂದಿವೆ. ಅವುಗಳ ಕತ್ತರಿಸಿ ಹೊಲಿದ ಆಕೃತಿಗಳನ್ನು ಪಶ್ಚಿಮ ಆಫ್ರಿಕಾದ ದಹೋಮಿಯ ವಸ್ತ್ರಕಲೆಯೊಡನೆ ಹೋಲಿಸಿದ ವಿದ್ವಾಂಸರುಂಟು. ಹೋಲಿಕೆ ಯುಕ್ತವೇ ಇರಬಹುದು. ಆದರೆ ಆಕೆ ಹೇಳಿದ್ದು ಬೈಬಲಿನ ಕಥೆಗಳನ್ನು. 1891ರಲ್ಲಿ ಬಡತನದಿಂದ ಐದು ಡಾಲರಿಗೆ ಮೊದಲ ಹೊದಿಕೆಯನ್ನು ಮಾರುವಾಗ ಆಕೆ ಒಂದೊಂದು ಚಿತ್ರದ ಅರ್ಥವನ್ನೂ ವಿವರಿಸಿದಳು. ಕೊಂಡಾಕೆ ಅದನ್ನು ಬರೆದಿಟ್ಟಳು. ಆ ಟಿಪ್ಪಣಿಯಿಲ್ಲದಿದ್ದರೆ ನಮಗುಳಿಯುತ್ತಿದ್ದುದು ಆಕೃತಿಗಳು ಮತ್ತು ಊಹೆ, ಇಷ್ಟೆ.

ಆದುದರಿಂದ ಸಿದ್ದಿ ಕೌದಿಯನ್ನು ಆಫ್ರಿಕಾದ ಅವಶೇಷವೆಂದಷ್ಟೇ ಮೆಚ್ಚುವುದು ಅರ್ಧ ನ್ಯಾಯ. ಹಾಗೆ ಮೆಚ್ಚುವಾಗ ಬಣ್ಣವನ್ನು ಆರಿಸಿದ ಕಣ್ಣು, ತುಂಡನ್ನು ತಿರುಗಿಸಿಟ್ಟ ಕೈ ಮರೆಯಾಗಿ, ಹೊಲಿದವಳು ಪೂರ್ವಿಕರ ನೆನಪಿನ ವಾಹಕಳಾಗಿ ಮಾತ್ರ ಉಳಿಯುತ್ತಾಳೆ. ಅದನ್ನು ಬರಿಯ ಹಳ್ಳಿಯ ಹೊದಿಕೆಯೆಂದು ತಳ್ಳುವುದೂ ಅಷ್ಟೇ ಅನ್ಯಾಯ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ 2003ರಲ್ಲಿ ದೊರೆಯಿತು; ಅದು ಸಮುದಾಯಕ್ಕೆ ಸಂದ ಮಾನ್ಯತೆ. ಕಲಾವಿದೆಗೆ ಸಲ್ಲಬೇಕಾದ ಮಾನ್ಯತೆ ಬೇರೆ. ಅದನ್ನು ಸಲ್ಲಿಸಬೇಕಾದುದು ವಿಮರ್ಶೆ.

ನಮ್ಮ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಕಾರ್ಯಕ್ರಮವೇ ದೊರೆಯುತ್ತದೆ. ಯಲ್ಲಾಪುರದಲ್ಲಾಗಲಿ ಮಳವಳ್ಳಿಯಲ್ಲಾಗಲಿ, ಹೊಲಿದ ಹೊದಿಕೆಯೊಂದು ಕೈಗೆ ಬಂದಾಗ ಅದರ ಮೂಲವನ್ನು ಊಹಿಸುವುದಕ್ಕೆ ಮುಂಚೆ ಹೊಲಿದವಳನ್ನು ಕೇಳಬೇಕು. ಆಕೆಯ ಒಪ್ಪಿಗೆಯಿಂದ ಆಕೆಯ ಹೆಸರನ್ನೂ ಮಾತನ್ನೂ ಬರೆದಿಡಬೇಕು. ಬಟ್ಟೆ ಸವೆಯುತ್ತದೆ, ಬರೆದಿಡದ ಮಾತು ಅದಕ್ಕೂ ಮೊದಲೇ ಸವೆದುಹೋಗುತ್ತದೆ.